ಮಳೆಗಾಲದ ವೇಳಾಪಟ್ಟಿ ಮುಗಿದ ಮೇಲೆ: ಕರಾವಳಿಯ ರೈಲು ಸುರಕ್ಷತೆ ಮತ್ತು ಗಾಯಾಳುಗಳ ಪರಿಹಾರ

ಇಂದ್ರಾಳಿ ಪ್ರಯಾಣಿಕ:

ಸದಸ್ಯರೆಲ್ಲರಿಗೂ ನಮಸ್ಕಾರ. ಕೊಂಕಣ ರೈಲ್ವೆಯಲ್ಲಿ ಗಾಡಿಗಳನ್ನು ನಿಧಾನವಾಗಿ ಓಡಿಸುವ ಮಳೆಗಾಲದ ವೇಳಾಪಟ್ಟಿ ಮೊದಲು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. 2025ರಲ್ಲಿ ಅದನ್ನು ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಮೊಟಕುಗೊಳಿಸಲಾಯಿತು. ಆ ವರ್ಷ ನರಕ ಚತುರ್ದಶಿಯೂ ಅದೇ ಅಕ್ಟೋಬರ್ 20ರಂದೇ ಬಂದಿತ್ತು. ಅಂದರೆ ಮಂಗಳೂರು ಬಳಿಯ ತೋಕೂರಿನಿಂದ ಮಹಾರಾಷ್ಟ್ರದ ರೋಹಾದವರೆಗೆ ಗಾಡಿಗಳ ವೇಗ ಹೆಚ್ಚುವುದು, ಮುಂಬೈ, ಗೋವಾ, ಬೆಂಗಳೂರುಗಳಿಂದ ಹಬ್ಬಕ್ಕೆ ಬಂದವರು ಮರಳಿ ಹೊರಡುವುದು, ಸಂಜೆಯ ಗುಡುಗು ಮಳೆ ಸುರಿಯುವುದು, ಈ ಮೂರೂ ಒಂದೇ ವಾರದಲ್ಲಿ ಕೂಡಿದಂತಾಯಿತು. ಮಳೆಗಾಲ ಮುಗಿಯಿತೆಂದ ಮಾತ್ರಕ್ಕೆ ಅಪಾಯವೂ ಮುಗಿಯಿತೆಂದು ಭಾವಿಸಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ ನಮ್ಮ ಮನೆಯದು. ಕಳೆದ ವರ್ಷ ದೀಪಾವಳಿ ಕಳೆದ ಮರುವಾರ ನನ್ನ ಸೋದರಮಾವ ಕರಾವಳಿಯ ಒಂದು ನಿಲ್ದಾಣದಲ್ಲಿ ಇಳಿಯುತ್ತಿರುವಾಗಲೇ ಗಾಡಿ ಚಲಿಸಿತು. ಒದ್ದೆಯಾಗಿದ್ದ ಮೆಟ್ಟಿಲಿನಿಂದ ಕಾಲು ಜಾರಿ ಬಿದ್ದು ಅವರ ಸೊಂಟದ ಕೀಲು ಮುರಿಯಿತು. ಶಸ್ತ್ರಚಿಕಿತ್ಸೆಯಾದರೂ ಇಂದಿಗೂ ಊರುಗೋಲಿಲ್ಲದೆ ನಡೆಯಲಾರರು. ಅವರ ಟಿಕೆಟ್ ಆ ಗಲಿಬಿಲಿಯಲ್ಲಿ ಕಳೆದುಹೋಯಿತು. "ಅವಸರದಲ್ಲಿ ಇಳಿದದ್ದು ನನ್ನದೇ ತಪ್ಪು, ಯಾರನ್ನು ಕೇಳುವುದು" ಎಂದು ಮಾವ ಹೇಳಿದ್ದನ್ನು ಮನೆಯವರೆಲ್ಲ ಒಪ್ಪಿಕೊಂಡು ಸುಮ್ಮನಿದ್ದಾರೆ. ಇಂಥವರಿಗೆ ಕಾನೂನಿನಲ್ಲಿ ಏನಾದರೂ ಇದೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಹಳಿ ಮೇಲ್ವಿಚಾರಕ:

ಮೊದಲ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಹಳಿಗಾಗಿ ಗುಡ್ಡ ಕಡಿದ ಕಡೆಯಲ್ಲೆಲ್ಲ ಮೇಲೆ ಗಟ್ಟಿಯಾದ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದರ ಕೆಳಗೆ ಜೇಡಿಯಂಥ ಮೃದುವಾದ ಶೇಡಿ ಮಣ್ಣು ಇರುತ್ತದೆ. ಮುರಕಲ್ಲಿನ ರಂಧ್ರಗಳ ಮೂಲಕ ಇಳಿದ ನೀರು ಶೇಡಿಯಲ್ಲಿ ನಿಲ್ಲುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಆ ಮಣ್ಣು ನೀರು ಕುಡಿದಾಗ ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಜೂನ್ ತಿಂಗಳಿನಲ್ಲಿ ಎಲ್ಲರ ಕಣ್ಣೂ ಧರೆಯ, ಅಂದರೆ ಕಡಿದ ಗುಡ್ಡದ ಇಳಿಜಾರಿನ, ಮೇಲಿರುತ್ತದೆ. ಗಸ್ತಿನವರು ಹಗಲಿರುಳು ನಡೆಯುತ್ತಾರೆ. ಆದರೆ ನಾಲ್ಕು ತಿಂಗಳ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡ ಗುಡ್ಡದ ಮೇಲೆ ಅಕ್ಟೋಬರಿನ ಸಂಜೆ ಒಂದೆರಡು ಗಂಟೆ ರಭಸವಾಗಿ ಸುರಿಯುವ ಮಳೆ ಕಡಿಮೆ ಅಪಾಯದ್ದೆಂದು ನಾನು ಎಂದೂ ಎಣಿಸಿದವನಲ್ಲ.

ಕರಾವಳಿಯವರು ಮರೆಯಬಾರದ ಎರಡು ದುರಂತಗಳಿವೆ. 2001ರ ಜೂನ್ 22ರಂದು ಮಂಗಳೂರಿನಿಂದ ಚೆನ್ನೈಗೆ ಹೊರಟಿದ್ದ ಮೇಲ್ ಗಾಡಿಯ ಬೋಗಿಗಳು ಕೇರಳದ ಕಡಲುಂಡಿ ಸೇತುವೆಯಿಂದ ಹೊಳೆಗೆ ಬಿದ್ದವು. 2004ರ ಜೂನ್ 16ರಂದು ಮುಂಬೈಗೆ ಹೋಗುತ್ತಿದ್ದ ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾರಾಷ್ಟ್ರದ ಮಹಾಡ್ ಸಮೀಪದ ಆಂಬೋಲಿ ಸೇತುವೆಯ ಬಳಿ, ಹಳಿಗೆ ಉರುಳಿದ್ದ ಬಂಡೆಗಳಿಂದಾಗಿ ಹಳಿ ತಪ್ಪಿತು. ಅದಕ್ಕೆ ಒಂದು ವರ್ಷ ಮೊದಲು, 2003ರ ಜೂನ್ 22ರಂದು, ವೈಭವವಾಡಿಯಲ್ಲೂ ಗುಡ್ಡ ಕುಸಿದೇ ಅನಾಹುತವಾಗಿತ್ತು. ಆಮೇಲೆ ಇಳಿಜಾರುಗಳನ್ನು ತಗ್ಗಿಸುವುದು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸುವುದು ಮುಂತಾದ ಕೆಲಸಗಳು ನಡೆದವು. ಇಂದು ಉಡುಪಿ, ಭಟ್ಕಳ, ಕಾರವಾರ ಸೇರಿದಂತೆ ಒಂಬತ್ತು ನಿಲ್ದಾಣಗಳಲ್ಲಿ ಮಳೆ ಅಳೆಯುವ ಸ್ವಯಂಚಾಲಿತ ಮಾಪಕಗಳಿವೆ. ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಸಾಧನವಿದೆ. ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡಿಸಬಾರದೆಂದು ಲೋಕೋ ಪೈಲಟ್‌ಗಳಿಗೆ ಸೂಚನೆಯಿದೆ. ಈ ಎಚ್ಚರವನ್ನು ಕ್ಯಾಲೆಂಡರಿನ ದಿನಾಂಕಕ್ಕೆ ಕಟ್ಟದೆ, ಮಾಪಕ ತೋರಿಸುವ ಮಳೆಗೆ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವೇಳಾಪಟ್ಟಿ ಬದಲಾದ ಮಾತ್ರಕ್ಕೆ ಗಸ್ತಿನವರನ್ನು ಕಡಿಮೆ ಮಾಡಬಾರದು.

ಪಡೀಲು ನಿವಾಸಿ:

ಹಿರಿಯರ ಮಾತು ನಿಜ. 2019ರ ಆಗಸ್ಟ್ ಕೊನೆಯಲ್ಲಿ ಪಡೀಲು ಮತ್ತು ಕುಲಶೇಖರದ ನಡುವೆ ಗುಡ್ಡ ಜರಿದು ಸಂಚಾರ ದಿನಗಟ್ಟಲೆ ನಿಂತದ್ದನ್ನೂ, 2021ರ ಜುಲೈಯಲ್ಲಿ ಕುಲಶೇಖರ ಸುರಂಗದ ಸಮೀಪ ತಡೆಗೋಡೆ ಕುಸಿದದ್ದನ್ನೂ ನಾವು ಕಣ್ಣಾರೆ ಕಂಡವರು. ಸುಬ್ರಹ್ಮಣ್ಯ ಮತ್ತು ಸಕಲೇಶಪುರದ ನಡುವಿನ ಘಟ್ಟದ ಮಾರ್ಗವನ್ನಂತೂ ಹೇಳುವುದೇ ಬೇಡ. 55 ಕಿಲೋಮೀಟರಿನಲ್ಲಿ 57 ಸುರಂಗಗಳು, 50 ಅಡಿಗೆ ಒಂದು ಅಡಿಯ ಏರು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿಹೋಗಿತ್ತು.

ಬೈಂದೂರಿನ ದಿನಪ್ರಯಾಣಿಕ:

ಗುಡ್ಡ ಕುಸಿತದ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತದೆ, ಇಲಾಖೆಯೂ ಎಚ್ಚರದಿಂದಿರುತ್ತದೆ. ಆದರೆ ನಿತ್ಯ ಓಡಾಡುವ ನಮಗೆ ಕಾಣುವ ಅಪಾಯ ಬೋಗಿಯ ಬಾಗಿಲಿನದು. ನಮ್ಮ ಹೆಚ್ಚಿನ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದೇ ಎರಡು ನಿಮಿಷ. ಸಾಮಾನ್ಯ ದರ್ಜೆಯ ಬೋಗಿಗಳು ಗಾಡಿಯ ಎರಡು ತುದಿಗಳಲ್ಲಿರುವುದರಿಂದ, ಮಧ್ಯದಲ್ಲಿ ಮಾತ್ರ ಮಾಡು ಇರುವ ಪ್ಲಾಟ್‌ಫಾರ್ಮಿನಲ್ಲಿ ಜನ ಮಳೆಗೆ ಒಳಗೇ ನಿಂತು, ಗಾಡಿ ಬಂದಾಗ ತುದಿಗೆ ಓಡುತ್ತಾರೆ. ಅಲ್ಲಿ ನೆಲದ ಮೇಲೆ ಮಳೆಗಾಲದ ಪಾಚಿ ಇನ್ನೂ ಕೆರೆದು ತೆಗೆದಿರುವುದಿಲ್ಲ, ದೀಪವೂ ಮಂದ. ನವರಾತ್ರಿಯಲ್ಲಿ ಕೊಲ್ಲೂರಿಗೆ ಬರುವವರು ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಮಕ್ಕಳನ್ನು ಎತ್ತಿಕೊಂಡು ಇಳಿಯುವಾಗ, ಅದೇ ಬಾಗಿಲಿನಲ್ಲಿ ಹತ್ತುವವರು ಒಳನುಗ್ಗುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಬ್ಬದ ಹದಿನೈದು ದಿನಗಳಲ್ಲಾದರೂ ನಿಲುಗಡೆಯನ್ನು ಎರಡು ನಿಮಿಷ ಹೆಚ್ಚಿಸಬೇಕು. ಎಲ್ಲರೂ ಇಳಿದಿದ್ದಾರೆಂದು ಪ್ಲಾಟ್‌ಫಾರ್ಮಿನಲ್ಲಿ ನಿಂತ ಸಿಬ್ಬಂದಿ ಗಾರ್ಡಿಗೆ ತಿಳಿಸಿದ ಮೇಲೆಯೇ ಗಾಡಿ ಹೊರಡಬೇಕು. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ.

ವಕೀಲೆ, ಮಂಗಳೂರು:

ಇಂದ್ರಾಳಿಯವರ ಎರಡನೆಯ ಪ್ರಶ್ನೆಗೆ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ತಿಳಿವಳಿಕೆಯ ಕೊರತೆಯಿಂದಲೇ ಬಹಳ ಕುಟುಂಬಗಳು ತಮಗೆ ಬರಬೇಕಾದ ಹಣವನ್ನು ಬಿಟ್ಟುಕೊಡುತ್ತಿವೆ.

1989ರ ರೈಲ್ವೆ ಕಾಯ್ದೆಯಲ್ಲಿ ಪರಿಹಾರಕ್ಕೆ ಎರಡು ದಾರಿಗಳಿವೆ. ಗಾಡಿಗಳು ಡಿಕ್ಕಿಯಾದಾಗ, ಹಳಿ ತಪ್ಪಿದಾಗ ಅನ್ವಯಿಸುವುದು 124ನೇ ಕಲಮು. ಪ್ರಯಾಣಿಕರು ಗಾಡಿಯಿಂದ ಆಕಸ್ಮಿಕವಾಗಿ ಬಿದ್ದಾಗ, ಇಲ್ಲವೇ ಗಾಡಿಯಲ್ಲಿ, ನಿಲ್ದಾಣದಲ್ಲಿ ದರೋಡೆ, ಹಿಂಸಾತ್ಮಕ ದಾಳಿ ಮುಂತಾದವುಗಳಿಗೆ ತುತ್ತಾದಾಗ ಅನ್ವಯಿಸುವುದು 124ಎ ಕಲಮು. ಇದನ್ನು 1994ರ ತಿದ್ದುಪಡಿಯಲ್ಲಿ ಸೇರಿಸಲಾಯಿತು. ಎರಡರಲ್ಲೂ ರೈಲ್ವೆಯ ತಪ್ಪನ್ನು ಸಾಬೀತುಪಡಿಸುವ ಹೊಣೆ ಗಾಯಾಳುವಿನದಲ್ಲ. 124ಎ ಅಡಿ ಪರಿಹಾರ ನಿರಾಕರಿಸಲು ಆತ್ಮಹತ್ಯೆ ಅಥವಾ ಅದರ ಯತ್ನ, ತಾನೇ ಮಾಡಿಕೊಂಡ ಗಾಯ, ತನ್ನದೇ ಅಪರಾಧ ಕೃತ್ಯ, ಅಮಲಿನಲ್ಲಿ ಅಥವಾ ಬುದ್ಧಿಭ್ರಮಣೆಯಲ್ಲಿ ಮಾಡಿದ ಕೃತ್ಯ, ಸಹಜ ಕಾರಣ ಅಥವಾ ಕಾಯಿಲೆ, ಇಷ್ಟೇ ಕಾರಣಗಳಿವೆ. ಅಜಾಗರೂಕತೆ ಈ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ನಿಮ್ಮ ಮಾವನವರು "ನನ್ನದೇ ತಪ್ಪು" ಎಂದು ಕೈಚೆಲ್ಲಿ ಕುಳಿತುಕೊಳ್ಳಬೇಕಾಗಿಲ್ಲ.

ಪರಿಹಾರದ ಮೊತ್ತವನ್ನು ರೈಲ್ವೆ ಅಪಘಾತ ಪರಿಹಾರದ 1990ರ ನಿಯಮಗಳ ಅನುಸೂಚಿ (ಪಟ್ಟಿ) ನಿಗದಿಪಡಿಸುತ್ತದೆ. 2017ರ ಜನವರಿ 1ರಿಂದ ಮರಣಕ್ಕೆ 4 ಲಕ್ಷದ ಬದಲು 8 ಲಕ್ಷ ರೂಪಾಯಿ ಆಗಿದೆ. ಎರಡೂ ಕೈಗಳನ್ನು ಕಳೆದುಕೊಳ್ಳುವಂಥ ಅತ್ಯಂತ ತೀವ್ರ ಗಾಯಗಳಿಗೂ 8 ಲಕ್ಷವೇ. ಉಳಿದ ಗಾಯಗಳಿಗೆ ಅವುಗಳ ಸ್ವರೂಪ ನೋಡಿಕೊಂಡು 64,000 ರೂಪಾಯಿಯಿಂದ ಮೇಲಕ್ಕೆ ಮೊತ್ತಗಳನ್ನು ನಮೂದಿಸಲಾಗಿದೆ. ಸೊಂಟದ ಕೀಲಿನ ಮುರಿತ ಆ ಅನುಸೂಚಿಯಲ್ಲಿ ಹೆಸರಿಸಿಯೇ ಇರುವ ಗಾಯ.

ಹಿರಿಯಡ್ಕದ ಶಿಕ್ಷಕ:

ವಕೀಲರೇ, ನಿಮ್ಮ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ಚಲಿಸುವ ಗಾಡಿಗೆ ಓಡಿ ಹತ್ತುವವರು, ಬಾಗಿಲಿನಲ್ಲಿ ಕಾಲು ಇಳಿಬಿಟ್ಟು ಕೂರುವ ಕಾಲೇಜು ಹುಡುಗರು, ಇವರಿಗೆಲ್ಲ ಸಾರ್ವಜನಿಕರ ಹಣದಿಂದ ಪರಿಹಾರ ಕೊಡುವುದು ನ್ಯಾಯವೇ? ತರಗತಿಯಲ್ಲಿ ನಾವು ಮಕ್ಕಳಿಗೆ ಶಿಸ್ತು ಹೇಳುತ್ತೇವೆ. ಕಾನೂನು ಹೀಗೆ ಹೇಳಿದರೆ ಅಶಿಸ್ತಿಗೆ ಬೆಂಬಲ ಕೊಟ್ಟಂತಾಗುವುದಿಲ್ಲವೇ?

ವಕೀಲೆ, ಮಂಗಳೂರು:

ಮೇಷ್ಟ್ರೇ, ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಪರಿಶೀಲಿಸಿದೆ. ಕೇರಳದ ವರ್ಕಲಾ ನಿಲ್ದಾಣದಲ್ಲಿ ಗಾಡಿ ಹತ್ತುವಾಗ ಬಿದ್ದು ಮಹಿಳೆಯೊಬ್ಬರು ತೀರಿಕೊಂಡ ಪ್ರಕರಣದಲ್ಲಿ, ಹತ್ತುವಾಗ ಬೀಳುವುದೂ ಆಕಸ್ಮಿಕ ಪತನವೇ ಎಂದು 2008ರಲ್ಲಿ ತೀರ್ಪು ಬಂತು. ನಮ್ಮ ದೇಶದಲ್ಲಿ ಕಾರು ಇಲ್ಲದ ಕೋಟ್ಯಂತರ ಜನ ರೈಲನ್ನೇ ನಂಬಿರುವುದರಿಂದ ಈ ಕಲಮನ್ನು ಉದಾರವಾಗಿ ಅರ್ಥೈಸಬೇಕೆಂಬುದು ಅಲ್ಲಿನ ವಿಚಾರಸರಣಿ. ತೆರೆದ ಬಾಗಿಲಿನ ಬಳಿ ನಿಲ್ಲುವುದು ಅಜಾಗರೂಕತೆ ಇರಬಹುದು, ಆದರೆ ಅದು ಅಪರಾಧ ಕೃತ್ಯವಲ್ಲ ಎಂದು 2010ರ ಇನ್ನೊಂದು ತೀರ್ಪು ಹೇಳಿತು. 2018ರ ಮೇ ತಿಂಗಳ ತೀರ್ಪು ಹತ್ತುವಾಗ, ಇಳಿಯುವಾಗ ಸಂಭವಿಸುವ ಸಾವುನೋವುಗಳೆಲ್ಲ 124ಎ ವ್ಯಾಪ್ತಿಗೆ ಬರುತ್ತವೆ ಎಂದು ಖಚಿತಪಡಿಸಿತು.

ಅಶಿಸ್ತಿಗೆ ಶಿಕ್ಷೆ ಇಲ್ಲವೆಂದಲ್ಲ. ಮೆಟ್ಟಿಲಿನ ಮೇಲೆ, ಚಾವಣಿಯ ಮೇಲೆ ಎಚ್ಚರಿಕೆ ಕೊಟ್ಟ ಮೇಲೂ ಪ್ರಯಾಣಿಸುವವರಿಗೆ 156ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಇದೆ. ಹುಡುಗರನ್ನು ತಿದ್ದಲೇಬೇಕು. ಆದರೆ ಬಾಗಿಲಿನಲ್ಲಿ ನಿಲ್ಲುವವರೆಲ್ಲ ಮೋಜಿಗಾಗಿ ನಿಂತವರಲ್ಲ. ಹಬ್ಬದ ದಿನ ಒಳಗೆ ಕಾಲಿಡಲು ಜಾಗವಿಲ್ಲದೆ ನಿಂತವರೇ ಹೆಚ್ಚು. ಕಾಲು ಕಳೆದುಕೊಂಡ ಕೂಲಿಕಾರನ ಮನೆಯವರನ್ನು ಹಸಿವಿಗೆ ದೂಡಿ ಶಿಸ್ತು ಕಲಿಸುವುದನ್ನು ನಾನು ಒಪ್ಪಲಾರೆ.

ಸುರತ್ಕಲ್ ವಿದ್ಯಾರ್ಥಿನಿ:

ನಾವೆಲ್ಲ ಈಗ ಮೊಬೈಲಿನಲ್ಲೇ ಸಾಮಾನ್ಯ ದರ್ಜೆಯ ಟಿಕೆಟ್ ತೆಗೆಯುತ್ತೇವೆ. ಬಿದ್ದಾಗ ಮೊಬೈಲೇ ಹಾಳಾದರೆ, ಕಾಗದದ ಟಿಕೆಟ್ ಕಳೆದುಹೋದರೆ ಪರಿಹಾರ ಸಿಗುವುದಿಲ್ಲವೇ? ಅಜ್ಜಿಯನ್ನು ಗಾಡಿ ಹತ್ತಿಸಲು ಬಂದವರಿಗೆ ಪೆಟ್ಟಾದರೆ?

ವಕೀಲೆ, ಮಂಗಳೂರು:

ಗಾಯಾಳುವಿನ ಬಳಿ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಪ್ರಯಾಣಿಕರಲ್ಲ ಎನ್ನುವಂತಿಲ್ಲವೆಂದು 2018ರ ಅದೇ ತೀರ್ಪು ಹೇಳಿದೆ. ಟಿಕೆಟ್ ಪಡೆದು ಪ್ರಯಾಣಿಸಿದ್ದಾಗಿ ಅರ್ಜಿದಾರರು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ, ಸಂಬಂಧಿಸಿದ ಸಂಗತಿಗಳನ್ನು ತಿಳಿಸಿದರೆ, ಅದು ಸುಳ್ಳೆಂದು ತೋರಿಸುವ ಹೊಣೆ ರೈಲ್ವೆಯದಾಗುತ್ತದೆ. ಮೊಬೈಲಿನಲ್ಲಿ ಹಣ ಪಾವತಿಸಿದ ಬ್ಯಾಂಕ್ ವಿವರ, ಜೊತೆಗಿದ್ದವರ ಹೇಳಿಕೆ, ಗಾಡಿ ಹತ್ತಿಸಲು ಬಂದವರ ಹೇಳಿಕೆ ಇವೆಲ್ಲ ನೆರವಾಗುತ್ತವೆ. ಪ್ಲಾಟ್‌ಫಾರ್ಮ್ ಟಿಕೆಟ್ ಇದ್ದವರನ್ನೂ 124ಎ ಕಲಮಿನ ವಿವರಣೆ ಪ್ರಯಾಣಿಕರೆಂದೇ ಎಣಿಸುತ್ತದೆ. ಆದ್ದರಿಂದ ಬೀಳ್ಕೊಡಲು ಹೋಗುವವರು ಆ ಸಣ್ಣ ಮೊತ್ತವನ್ನು ಉಳಿಸಲು ಹೋಗಬಾರದು. ಹಳಿ ದಾಟುವವರ ಸಂಗತಿ ಬೇರೆ. ಮೇಲ್ಸೇತುವೆ ಬಿಟ್ಟು ಹಳಿಯ ಮೇಲೆ ನಡೆಯುವುದು 147ನೇ ಕಲಮಿನಡಿ ಅಪರಾಧ. ಅಲ್ಲಿ ಗಾಡಿ ಬಡಿದರೆ ಈ ಪರಿಹಾರ ಅನ್ವಯಿಸದು.

ಶುಶ್ರೂಷಕಿ, ಮಣಿಪಾಲ:

ಆಸ್ಪತ್ರೆಯ ಕಡೆಯಿಂದ ನಾನು ಹೇಳಬೇಕಾದ ಮಾತೊಂದಿದೆ. ಗಾಯಾಳುವನ್ನು ಕರೆತಂದವರು ಎಷ್ಟೋ ಸಲ ಪೊಲೀಸ್ ತಾಪತ್ರಯ ಬೇಡವೆಂದು "ಮನೆಯಲ್ಲಿ ಜಾರಿ ಬಿದ್ದರು" ಎಂದು ಬರೆಸಿಬಿಡುತ್ತಾರೆ. ಆ ಒಂದು ಸಾಲು ಮುಂದೆ ಇಡೀ ಪ್ರಕರಣವನ್ನು ಕೆಡಿಸುತ್ತದೆ. ರೈಲಿನಿಂದ ಬಿದ್ದದ್ದು ಎಂದು ಸ್ಪಷ್ಟವಾಗಿ ಹೇಳಿ, ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸುವಂತೆ ಕೇಳಿ. ಯಾವ ಗಾಡಿ, ಯಾವ ನಿಲ್ದಾಣ, ಎಷ್ಟು ಹೊತ್ತಿಗೆ ಎಂಬುದು ಪ್ರವೇಶದ ಚೀಟಿಯಲ್ಲೇ ಇರಲಿ. ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಬಿಡುಗಡೆಯ ಸಾರಾಂಶ, ಔಷಧದ ರಸೀದಿ ಒಂದನ್ನೂ ಎಸೆಯಬೇಡಿ. ಶಾಶ್ವತ ಊನ ಉಳಿದಿದ್ದರೆ ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ, ಮಂಗಳೂರಿನವರು ವೆನ್ಲಾಕ್‌ನಲ್ಲಿ ಅಂಗವೈಕಲ್ಯದ ಪ್ರಮಾಣಪತ್ರದ ಬಗ್ಗೆ ವಿಚಾರಿಸಬಹುದು.

ನಿವೃತ್ತ ಹಳಿ ಮೇಲ್ವಿಚಾರಕ:

ಇದಕ್ಕೆ ನಿಲ್ದಾಣದ ಕಡೆಯದನ್ನೂ ಸೇರಿಸುತ್ತೇನೆ. ಬಿದ್ದ ಕೂಡಲೇ ಸ್ಟೇಷನ್ ಮಾಸ್ಟರರಿಗೆ ತಿಳಿಸಬೇಕು, ಅವರು ಬರೆದುಕೊಂಡರೇ ಎಂದು ನೋಡಬೇಕು. ಗಾಡಿ ಹೊರಟುಹೋಗಿದ್ದರೆ 139ಕ್ಕೆ ಕರೆ ಮಾಡಿದರೆ ದೂರಿನ ಸಂಖ್ಯೆ ಸಿಗುತ್ತದೆ, ಕರೆಯ ಹೊತ್ತೂ ದಾಖಲಾಗುತ್ತದೆ. ರೈಲ್ವೆ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಕುಂದಾಪುರದ ಓದುಗ:

ನಮ್ಮ ಪರಿಚಯದವರೊಬ್ಬರು ಪ್ಲಾಟ್‌ಫಾರ್ಮಿನ ಪಾಚಿಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಗಾಡಿ ಇನ್ನೂ ಬಂದಿರಲಿಲ್ಲ. ಅವರಿಗೂ ಇದೇ ಪರಿಹಾರ ಸಿಗುತ್ತದೆಯೇ?

ವಕೀಲೆ, ಮಂಗಳೂರು:

ಇಲ್ಲ. ಬಿದ್ದು ಆದ ಗಾಯಕ್ಕೆ 124ಎ ಅನ್ವಯಿಸಬೇಕಾದರೆ ಗಾಡಿಯಿಂದ ಬಿದ್ದಿರಬೇಕು. ಬರೀ ಪ್ಲಾಟ್‌ಫಾರ್ಮಿನಲ್ಲಿ ಜಾರಿದ್ದಕ್ಕೆ ಸೇವಾ ನ್ಯೂನತೆಯ ಆಧಾರದ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವು ವಾಸಿಸುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಆದರೆ ಅಲ್ಲಿ ನೆಲ ಸ್ವಚ್ಛವಾಗಿರಲಿಲ್ಲ, ಎಚ್ಚರಿಕೆಯ ಫಲಕವಿರಲಿಲ್ಲ ಎಂಬುದನ್ನು ನಾವೇ ತೋರಿಸಬೇಕಾಗುತ್ತದೆ. ಆದ್ದರಿಂದ ಬಿದ್ದ ಜಾಗದ ಚಿತ್ರವನ್ನು ಅದೇ ದಿನ ತೆಗೆದಿಟ್ಟುಕೊಳ್ಳುವುದು ಬಹಳ ಮುಖ್ಯ. ಈ ವ್ಯತ್ಯಾಸ ನನಗೆ ಸರಿಯೆನಿಸುವುದಿಲ್ಲ. ನಿಲ್ದಾಣದ ಆವರಣದಲ್ಲಿ ಹಿಂಸಾಚಾರಕ್ಕೆ ತುತ್ತಾದವರಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ, ಪಾಚಿಗೆ ಬಲಿಯಾದವರನ್ನು ಹೊರಗಿಡುತ್ತದೆ. ನಮ್ಮಂಥ ಮಳೆಯ ನಾಡಿನ ಸಂಸದರು ಇದರ ತಿದ್ದುಪಡಿಗೆ ಒತ್ತಾಯಿಸಬೇಕು.

ಬೈಂದೂರಿನ ದಿನಪ್ರಯಾಣಿಕ:

ಅಪಘಾತವಾದ ಕೂಡಲೇ ಸಚಿವರು ಘೋಷಿಸುವ ಹಣವೂ ಇದೇ ಪರಿಹಾರವೇ? ಆನ್‌ಲೈನ್ ಟಿಕೆಟಿನ ವಿಮೆಯ ಬಗ್ಗೆಯೂ ತಿಳಿಸಿ.

ವಕೀಲೆ, ಮಂಗಳೂರು:

ಮೂರೂ ಬೇರೆಬೇರೆ. ಘೋಷಣೆಯಾಗುವುದು ತಕ್ಷಣದ ಅನುಗ್ರಹ ಧನ. 2023ರ ಸೆಪ್ಟೆಂಬರ್ 18ರ ಆದೇಶದಂತೆ ರೈಲು ಅಪಘಾತದಲ್ಲಿ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಸಾಧಾರಣ ಗಾಯಕ್ಕೆ 50,000 ರೂಪಾಯಿ. ಅದನ್ನು ಪಡೆದವರು ಪರಿಹಾರದ ಅರ್ಜಿಗಳನ್ನು ವಿಚಾರಿಸುವ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಗೆ ಹೋಗಬಾರದೆಂಬ ನಿಯಮವಿಲ್ಲ, ಆ ಹಣವನ್ನು ಅಂತಿಮ ಪರಿಹಾರದಿಂದ ಕಳೆಯುವುದೂ ಇಲ್ಲ. ವಿಮೆಯೆಂದರೆ ಐ.ಆರ್.ಸಿ.ಟಿ.ಸಿ. ಜಾಲತಾಣದಲ್ಲಿ ಟಿಕೆಟ್ ತೆಗೆಯುವಾಗ ಒಂದು ರೂಪಾಯಿಗೂ ಕಡಿಮೆ ಹಣಕ್ಕೆ ಸಿಗುವಂಥದ್ದು. ಮರಣ ಮತ್ತು ಶಾಶ್ವತ ಪೂರ್ಣ ಊನಕ್ಕೆ 10 ಲಕ್ಷ, ಶಾಶ್ವತ ಭಾಗಶಃ ಊನಕ್ಕೆ 7.5 ಲಕ್ಷ, ಆಸ್ಪತ್ರೆಯ ವೆಚ್ಚಕ್ಕೆ 2 ಲಕ್ಷದವರೆಗೆ ರಕ್ಷಣೆ ಇದೆ. ಟಿಕೆಟ್ ಆದ ಮೇಲೆ ವಿಮಾ ಕಂಪನಿಯಿಂದ ಬರುವ ಸಂದೇಶದಲ್ಲಿ ನಾಮಿನಿಯ ಹೆಸರು ತುಂಬಬೇಕು. ಕೌಂಟರಿನಲ್ಲಿ ಟಿಕೆಟ್ ತೆಗೆಯುವ ಬಡವರಿಗೆ ಈ ಸೌಲಭ್ಯವಿಲ್ಲದಿರುವುದು ನನಗೆ ನೋವಿನ ಸಂಗತಿ.

ಇಂದ್ರಾಳಿ ಪ್ರಯಾಣಿಕ:

ಎಲ್ಲರಿಗೂ ಋಣಿ. ಮಾವನವರು ಬಿದ್ದು ವರ್ಷ ತುಂಬಲು ಇನ್ನು ಕೆಲವೇ ದಿನಗಳಿವೆ. ಅವರು ಟಿಕೆಟ್ ಪಡೆದದ್ದು ಮಂಗಳೂರಿನಲ್ಲಿ, ಅಂದರೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ ನಿಲ್ದಾಣದಲ್ಲಿ. ಬಿದ್ದದ್ದು ಕೊಂಕಣ ರೈಲ್ವೆಯ ಮಾರ್ಗದಲ್ಲಿ. ಯಾರ ಮೇಲೆ, ಎಲ್ಲಿ ಅರ್ಜಿ ಹಾಕಬೇಕು?

ವಕೀಲೆ, ಮಂಗಳೂರು:

ಹಾಗಾದರೆ ಇದೇ ವಾರ ಕೆಲಸ ಆಗಬೇಕು. 1987ರ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ, ಆದರೆ ಅದನ್ನು ನಂಬಿ ಕೂರಬೇಡಿ. ರೈಲ್ವೆ ಕಾಯ್ದೆಯ 109ನೇ ಕಲಮು ಟಿಕೆಟ್ ಕೊಟ್ಟ ರೈಲ್ವೆಯ ಮೇಲೂ, ತಲುಪಬೇಕಾದ ನಿಲ್ದಾಣ ಇರುವ ಅಥವಾ ಘಟನೆ ನಡೆದ ರೈಲ್ವೆಯ ಮೇಲೂ ಅರ್ಜಿ ಹಾಕಲು ಅವಕಾಶ ಕೊಡುತ್ತದೆ. ಕರಾವಳಿಯಲ್ಲಿ ದಕ್ಷಿಣ, ನೈಋತ್ಯ, ಕೊಂಕಣ ಎಂದು ಮೂರು ಆಡಳಿತಗಳು ಕೂಡುವುದರಿಂದ ಜನ "ಇದು ನಮ್ಮದಲ್ಲ" ಎಂಬ ಉತ್ತರ ಕೇಳಿ ಹಿಂದಿರುಗುತ್ತಾರೆ. ಆ ಉತ್ತರಕ್ಕೆ ಮಣಿಯಬೇಕಾಗಿಲ್ಲ. ಅರ್ಜಿದಾರರು ವಾಸಿಸುವ ಸ್ಥಳದ ಆಧಾರದ ಮೇಲೆ ಬೆಂಗಳೂರು ಪೀಠದಲ್ಲೇ ಸಲ್ಲಿಸಬಹುದು. ಗಾಯದ ಅರ್ಜಿಗೆ ನ್ಯಾಯಾಲಯ ಶುಲ್ಕವಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿರಿ. ಅಂಗವಿಕಲರಿಗೂ ಮಹಿಳೆಯರಿಗೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಪರಿಹಾರ ತೃಪ್ತಿಕರವಾಗಿರದಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು.

ನಾಳೆ ಮಾವನವರ ಆಸ್ಪತ್ರೆಯ ಬಿಡುಗಡೆಯ ಸಾರಾಂಶ, ಅಂದು ಸ್ಟೇಷನ್ ಮಾಸ್ಟರರು ಬರೆದುಕೊಂಡಿದ್ದರೆ ಅದರ ವಿವರ, ಅವರ ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿ, ಜೊತೆಯಲ್ಲಿ ಪ್ರಯಾಣಿಸಿದ್ದವರು ಯಾರಾದರೂ ಇದ್ದರೆ ಅವರ ಹೇಳಿಕೆ ಇಷ್ಟನ್ನು ಹೊಂದಿಸಿಕೊಳ್ಳಿ. ಟಿಕೆಟ್ ಪಡೆದ ಬಗೆಗಿನ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾವನವರೇ ಸಹಿ ಮಾಡಬೇಕಾದ್ದರಿಂದ, ನಡೆಯಲಾಗದ ಅವರನ್ನು ಕರೆದೊಯ್ಯಲು ಒಂದು ವಾಹನದ ವ್ಯವಸ್ಥೆಯನ್ನೂ ಇವತ್ತೇ ಮಾಡಿಡಿ.